ಲಿಕ್ವಿಡ್ ಕ್ರಿಸ್ಟಲ್‌ನಿಂದ ಹಸಿರು ಬೆಳಕು: ಅಣು ಬರೆಯೋಕೆ ಮುಂಚೆ ಯೋಚಿಸಬೇಕಾದ್ದು

1064 ನ್ಯಾನೋಮೀಟರ್ ಲೇಸರ್ ಕಣ್ಣಿಗೆ ಕಾಣುವುದಿಲ್ಲ. ಎರಡು ಗಾಜಿನ ನಡುವೆ ಕೆಲವೇ ಮೈಕ್ರಾನ್ ದಪ್ಪಕ್ಕೆ ಲಿಕ್ವಿಡ್ ಕ್ರಿಸ್ಟಲ್ (ದ್ರವದಂತೆ ಹರಿದರೂ ಅಣುಗಳು ಹರಳಿನಂತೆ ಸಾಲು ಹಿಡಿಯುವ ವಸ್ತು) ತುಂಬಿ ಆ ಬೆಳಕನ್ನು ಬಿಟ್ಟರೆ, ಆ ಕಡೆಯಿಂದ ಹಸಿರು ಚುಕ್ಕೆ ಹೊರಬರುತ್ತದೆ. 532 ನ್ಯಾನೋಮೀಟರ್. ಸರಿಯಾಗಿ ಅರ್ಧ. ಬರುತ್ತದೆ ಅಂದೆ, ಆದರೆ ಹೆಚ್ಚಿನ ಲಿಕ್ವಿಡ್ ಕ್ರಿಸ್ಟಲ್‌ಗಳಲ್ಲಿ ಬರುವುದಿಲ್ಲ. ಯಾವುದರಲ್ಲಿ ಬರುತ್ತದೆ, ಬರುವ ಹಾಗೆ ಹೇಗೆ ಮಾಡಿಕೊಳ್ಳಬೇಕು ಅನ್ನೋದೇ ಈ ಲೇಖನ. ರಸಾಯನಶಾಸ್ತ್ರ ಅಥವಾ ಭೌತಶಾಸ್ತ್ರದಲ್ಲಿ ಪದವಿ ಮಟ್ಟದ ಪರಿಚಯ ಇದ್ದರೆ ಸಾಕು.

ಈ ಕೆಲಸಕ್ಕೆ ಹೊಸದಾಗಿ ಬಂದವರು ಮಾಡುವ ಮೊದಲ ತಪ್ಪು ಒಂದೇ. ಬೀಟಾ ಜಾಸ್ತಿ ಇರುವ ಅಣುವನ್ನು ಹುಡುಕಿಕೊಂಡು ಹೊರಡುತ್ತಾರೆ. ಬೀಟಾ ಅಂದರೆ ಒಂದೊಂದು ಅಣುವೂ ಬೆಳಕಿಗೆ ಎಷ್ಟು ಸೊಟ್ಟಗೆ ಉತ್ತರ ಕೊಡುತ್ತದೆ ಅನ್ನೋ ಅಳತೆ. ನಾನೂ ಅದನ್ನೇ ಮಾಡಿದ್ದೆ. ಕಂಪ್ಯೂಟರಿನಲ್ಲಿ ಬೀಟಾ ಚೆನ್ನಾಗಿ ಬಂತು ಅಂತ ಮೂರು ತಿಂಗಳು ಕೂತು ಒಂದು ಕೆಂಪು ಪುಡಿ ತಯಾರಿಸಿದೆ. ಬಿಸಿ ಮಾಡಿದರೆ ಅದು ಗಟ್ಟಿಯಿಂದ ಸೀದಾ ಮಾಮೂಲಿ ದ್ರವವಾಯಿತು. ನಡುವೆ ಲಿಕ್ವಿಡ್ ಕ್ರಿಸ್ಟಲ್ ಹಂತವೇ ಇರಲಿಲ್ಲ. ಹಾಗಾಗಿ ಇಲ್ಲಿ ಅಣುವಿನ ಮಾತು ಸ್ವಲ್ಪ ತಡವಾಗಿಯೇ ಬರುತ್ತದೆ.

ಮೊದಲು: ಯಾವ ಕೆಲಸಕ್ಕೆ?

ಸಾಧಾರಣ ಬೆಳಕಿಗೆ ವಸ್ತು ತಳ್ಳಿದ ಬಲಕ್ಕೆ ತಕ್ಕಷ್ಟೇ ಉತ್ತರ ಕೊಡುತ್ತದೆ. ಎರಡು ಪಟ್ಟು ತಳ್ಳಿದರೆ ಎಲೆಕ್ಟ್ರಾನುಗಳು ಎರಡು ಪಟ್ಟು ಅಲುಗುತ್ತವೆ. ಬೆಳಕು ಜೋರಾದಾಗ ಈ ಲೆಕ್ಕ ತಪ್ಪುತ್ತದೆ. ಆಗ ಉತ್ತರದಲ್ಲಿ ಬೆಳಕಿನ ವಿದ್ಯುತ್ ಕ್ಷೇತ್ರದ ವರ್ಗ, ಘನ ಎಲ್ಲಾ ಸೇರಿಕೊಳ್ಳುತ್ತವೆ. ವರ್ಗದಿಂದ ಬರುವುದು ಎರಡನೇ ದರ್ಜೆಯ ಪರಿಣಾಮ, ಘನದಿಂದ ಬರುವುದು ಮೂರನೇ ದರ್ಜೆಯದು.

ತರಂಗದೂರ ಅರ್ಧ ಮಾಡುವುದು, ವೋಲ್ಟೇಜಿನಿಂದ ಬೆಳಕನ್ನು ಬಹಳ ವೇಗವಾಗಿ ಮಾಡ್ಯುಲೇಟ್ ಮಾಡುವುದು, ಒಂದು ಫೋಟಾನನ್ನು ಜೋಡಿ ಫೋಟಾನಾಗಿ ಒಡೆಯುವುದು, ಇವೆಲ್ಲ ಎರಡನೇ ದರ್ಜೆ. 1961ರಲ್ಲಿ ಪೀಟರ್ ಫ್ರಾಂಕೆನ್ ತಂಡ ಮಾಡಿದ್ದು ಇದನ್ನೇ. ರೂಬಿ ಲೇಸರಿನ 694 ನ್ಯಾನೋಮೀಟರ್ ಕೆಂಪು ಬೆಳಕನ್ನು ಕ್ವಾರ್ಟ್ಜ್‌ಗೆ ಬಿಟ್ಟು 347 ನ್ಯಾನೋಮೀಟರ್ ಬೆಳಕು ಪಡೆದರು. ಅಚ್ಚಾದ ಚಿತ್ರದಲ್ಲಿ ಆ ಪುಟ್ಟ ಚುಕ್ಕೆಯನ್ನು ಯಾರೋ ಕೊಳೆ ಅಂದುಕೊಂಡು ಅಳಿಸಿಬಿಟ್ಟಿದ್ದರು ಅನ್ನೋದು ಈ ಕ್ಷೇತ್ರದ ಹಳೆಯ ತಮಾಷೆ. ಬೆಳಕಿನ ತೀವ್ರತೆಯೇ ವಸ್ತುವಿನ ವಕ್ರೀಭವನ ಸೂಚ್ಯಂಕವನ್ನು ಬದಲಿಸುವುದು ಮೂರನೇ ದರ್ಜೆಯ ಕೆಲಸ. ಕಣ್ಣನ್ನೋ ಸೆನ್ಸರನ್ನೋ ಲೇಸರಿನಿಂದ ಕಾಪಾಡುವ ಲಿಮಿಟರ್, ಬರೆದು ಅಳಿಸಬಹುದಾದ ಹೋಲೋಗ್ರಾಂ ಇವೆಲ್ಲ ಆ ಕಡೆ.

ಎರಡರ ವಿನ್ಯಾಸದ ದಾರಿ ಪೂರ್ತಿ ಬೇರೆ ಬೇರೆ. ಆದ್ದರಿಂದ ಒಂದು ಹಾಳೆಯ ಮೇಲೆ ಇಷ್ಟು ಬರೆದಿಟ್ಟುಕೊಳ್ಳಿ: ಒಳಗೆ ಹೋಗುವ ತರಂಗದೂರ, ಹೊರಗೆ ಬರಬೇಕಾದ ತರಂಗದೂರ, ಎಷ್ಟು ಬೇಗ ಕೆಲಸ ಮಾಡಬೇಕು, ಯಾವ ಉಷ್ಣತೆಯಲ್ಲಿ. ಮುಂದೆ ಪ್ರತಿ ತೀರ್ಮಾನಕ್ಕೂ ಈ ಹಾಳೆ ಬೇಕಾಗುತ್ತದೆ.

ಆಮೇಲೆ: ತಲೆ-ಬಾಲದ ಲೆಕ್ಕ

ಎರಡನೇ ದರ್ಜೆಯ ಪರಿಣಾಮಕ್ಕೆ ಒಂದು ಕಟ್ಟುನಿಟ್ಟಿನ ಷರತ್ತಿದೆ. ವಸ್ತುವಿನಲ್ಲಿ ಈ ಕಡೆ, ಆ ಕಡೆ ಅನ್ನೋ ಭೇದ ಇರಲೇಬೇಕು. ಎರಡು ದಿಕ್ಕೂ ಒಂದೇ ಥರ ಕಂಡರೆ ಒಂದು ಅಣು ಕೊಟ್ಟಿದ್ದನ್ನು ಇನ್ನೊಂದು ಅಳಿಸಿಹಾಕುತ್ತದೆ. ಮೊತ್ತ ಸೊನ್ನೆ.

ಅಣುಗಳು ಪದರ ಕಟ್ಟದೆ, ಒಂದೇ ಗೆರೆಗೆ ಸಾಲಾಗಿ ನಿಲ್ಲುವ ಲಿಕ್ವಿಡ್ ಕ್ರಿಸ್ಟಲ್ ಹಂತಕ್ಕೆ ನೆಮ್ಯಾಟಿಕ್ ಅನ್ನುತ್ತಾರೆ. ಮಾಮೂಲಿ ನೆಮ್ಯಾಟಿಕ್ ಸೋಲುವುದು ಇಲ್ಲೇ. ಬೆಂಕಿಪೊಟ್ಟಣ ನೆನಪಿಸಿಕೊಳ್ಳಿ. ಕಡ್ಡಿಗಳೆಲ್ಲ ಒಂದೇ ಗೆರೆಗೆ ಮಲಗಿವೆ, ಆದರೆ ಮದ್ದಿನ ತಲೆ ಅರ್ಧ ಕಡ್ಡಿಗಳಿಗೆ ಎಡಕ್ಕೆ, ಅರ್ಧಕ್ಕೆ ಬಲಕ್ಕೆ. ಡಿಸ್‌ಪ್ಲೇ ಕಾಲದ ಹೆಸರುವಾಸಿ ಅಣು 5ಸಿಬಿಯ ಕಥೆ ಇದೇ. ಅದರ ಒಂದು ತುದಿಯಲ್ಲಿ ಸಯನೋ ಗುಂಪಿದೆ, ಡೈಪೋಲ್ (ಎರಡು ತುದಿಗಳ ಧನ-ಋಣ ಚಾರ್ಜಿನ ಭೇದ) ಜೋರಾಗಿಯೇ ಇದೆ. ಆದರೆ ಅಕ್ಕಪಕ್ಕದ ಅಣುಗಳು ತಲೆಕೆಳಗಾಗಿ ಜೋಡಿ ಕಟ್ಟಿಕೊಳ್ಳುತ್ತವೆ. ಎನ್. ವಿ. ಮಧುಸೂದನ ಮತ್ತು ಎಸ್. ಚಂದ್ರಶೇಖರ್ 1973ರಲ್ಲೇ ಈ ಥರದ ಅಣುಗಳ ಬಗ್ಗೆ ಇದನ್ನು ಹೇಳಿದ್ದರು. ಹೀಗಿರುವಾಗ ಎಷ್ಟೇ ಒಳ್ಳೆ ಬೀಟಾ ಇದ್ದರೂ ಏನು ಪ್ರಯೋಜನ?

ಎಷ್ಟು ಅಣು ಒಂದೇ ಕಡೆ ತಿರುಗಿರಬೇಕು ಅನ್ನೋದಕ್ಕೆ ಸಣ್ಣ ಲೆಕ್ಕ ಹಾಕಿ. ನಾಲ್ಕರಲ್ಲಿ ಮೂರು ಮೇಲಕ್ಕೆ, ಒಂದು ಕೆಳಕ್ಕೆ ಅಂದುಕೊಳ್ಳಿ. ಕೆಳಗಿನದು ಮೇಲಿನ ಒಂದನ್ನು ರದ್ದು ಮಾಡುತ್ತದೆ, ಉಳಿಯುವುದು ಅರ್ಧ. ಹೊರಬರುವ ಹಸಿರು ಬೆಳಕು ಇದರ ವರ್ಗಕ್ಕೆ ತಕ್ಕ ಹಾಗೆ ಇರುವುದರಿಂದ ಸಿಗುವುದು ಕಾಲು ಭಾಗ ಮಾತ್ರ. ಒಂದೇ ಒಂದು ಅಣು ತಿರುಗಿ ನಿಂತಿದ್ದಕ್ಕೆ ಮುಕ್ಕಾಲು ಪಾಲು ನಷ್ಟ!

ಈ ಭೇದವನ್ನು ತರಲು ಮುಖ್ಯವಾಗಿ ಮೂರು ದಾರಿಗಳಿವೆ.

ಹಳೆಯದು ಕೈರಲ್ ಸ್ಮೆಕ್ಟಿಕ್ ಸಿ, ಅಂದರೆ ಅಣುಗಳು ಪದರ ಪದರವಾಗಿ ನಿಲ್ಲುವ ಒಂದು ಹಂತ. ಎಡಗೈ ಬಲಗೈ ಥರ ಇರುವ ಅಣುಗಳು ಪದರಗಳಲ್ಲಿ ಓರೆಯಾಗಿ ನಿಂತರೆ ವಿದ್ಯುತ್ ಧ್ರುವೀಕರಣ (ಡೈಪೋಲ್‌ಗಳು ಒಂದೇ ಕಡೆ ವಾಲುವುದು) ತಾನಾಗಿಯೇ ಬರುತ್ತದೆ ಅಂತ ರಾಬರ್ಟ್ ಮೇಯರ್ ಮತ್ತು ಸಂಗಡಿಗರು 1975ರಲ್ಲಿ ತೋರಿಸಿದರು. ಇಲ್ಲಿ ಎಡವುವವರು ಬಹಳ ಜನ. ಆ ಧ್ರುವೀಕರಣ ಇರುವುದು ಅಣುವಿನ ಉದ್ದಕ್ಕೆ ಅಲ್ಲ, ಅಡ್ಡಕ್ಕೆ. ಉದ್ದಕ್ಕೆ ಎಲೆಕ್ಟ್ರಾನ್ ಎಳೆಯುವ ಒಳ್ಳೆ ಗುಂಪು ಹಾಕಿದರೆ ಅದು ವ್ಯರ್ಥ. ಗುಂಪನ್ನು ಪಕ್ಕಕ್ಕೆ, ಅಡ್ಡಲಾಗಿ ಕೂರಿಸಬೇಕು. ಹಾಗೆ ಕೂರಿಸಿದರೆ ಅಣು ದಪ್ಪವಾಗಿ ಸ್ಮೆಕ್ಟಿಕ್ ಹಂತವೇ ಕೆಡುವ ಭಯ.

ಎರಡನೆಯದು ಬಾಗಿದ ಅಣುಗಳು. ಬಾಳೆಹಣ್ಣಿನ ಆಕಾರದವು. ಇವು ಕೈರಲ್ ಆಗಿರದಿದ್ದರೂ ಒತ್ತಾಗಿ ಕೂತಾಗ ಬಾಗು ಒಂದೇ ಕಡೆಗೆ ತಿರುಗುತ್ತದೆ ಅಂತ 1996ರಲ್ಲಿ ಗೊತ್ತಾಯಿತು. ಚೆಂದದ ವಿಚಾರವೇ. ಆದರೆ ಸಾಮಾನ್ಯವಾಗಿ ಗಟ್ಟಿ, ಜಿಗುಟು, ಜಾಸ್ತಿ ಬಿಸಿ ಬೇಕು, ಒಂದೇ ಸಮನೆ ಸಾಲು ಹಿಡಿಸೋದು ಕಷ್ಟ.

ಮೂರನೆಯದು ಫೆರೋಎಲೆಕ್ಟ್ರಿಕ್ ನೆಮ್ಯಾಟಿಕ್. ಇವತ್ತು ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಇದನ್ನೇ. ದ್ರವದಂತೆ ಹರಿಯುತ್ತದೆ, ಆದರೆ ಕಡ್ಡಿಗಳ ತಲೆಯೆಲ್ಲ ಒಂದೇ ಕಡೆ. ಮ್ಯಾಕ್ಸ್ ಬಾರ್ನ್ 1916ರಲ್ಲಿ ಹೀಗೆ ಆಗಬಹುದು ಅಂತ ಊಹಿಸಿದ್ದರು. ನಿಜವಾದ ಅಣುಗಳು ಸಿಕ್ಕಿದ್ದು ಒಂದು ಶತಮಾನ ಕಳೆದ ಮೇಲೆ, 2017ರಲ್ಲಿ: ಒಂದು ಕಡೆ ಡಿಐಒ, ಇನ್ನೊಂದು ಕಡೆ ಆರ್‌ಎಂ734. ಆರ್‌ಎಂ734ರ ಆ ಹಂತ ನಿಜಕ್ಕೂ ಫೆರೋಎಲೆಕ್ಟ್ರಿಕ್ ಅಂತ 2020ರಲ್ಲಿ ಖಚಿತವಾಯಿತು. 2024ರಲ್ಲಂತೂ ಫೆರೋಎಲೆಕ್ಟ್ರಿಕ್ ನೆಮ್ಯಾಟಿಕ್‌ನಿಂದ ಎಂಟ್ಯಾಂಗಲ್ಡ್ (ಒಂದಕ್ಕೊಂದು ಹೆಣೆದುಕೊಂಡ) ಫೋಟಾನ್ ಜೋಡಿಗಳನ್ನೇ ತೆಗೆದರು. ಒಳಗಿನ ತಿರುಚನ್ನೋ ಹೊರಗಿನ ವೋಲ್ಟೇಜನ್ನೋ ಬದಲಿಸಿದರೆ ಜೋಡಿಯ ಬೆಳಕಿನ ಧ್ರುವೀಕರಣವೂ (ಬೆಳಕು ಕಂಪಿಸುವ ದಿಕ್ಕು) ಬದಲಾಗುತ್ತದೆ. ಗಟ್ಟಿ ಹರಳಿನಲ್ಲಿ ಇದು ಇಷ್ಟು ಸುಲಭವಲ್ಲ.

ಈಗ ಅಣು

ಆರ್‌ಎಂ734 ಅನ್ನು ಹತ್ತಿರದಿಂದ ನೋಡೋಣ. ಮೂರು ಬೆಂಜೀನ್ ಉಂಗುರಗಳು, ನಡುವೆ ಎರಡು ಎಸ್ಟರ್ ಕೊಂಡಿಗಳು. ಒಂದು ತುದಿಯಲ್ಲಿ ನೈಟ್ರೋ, ಅದು ಎಲೆಕ್ಟ್ರಾನ್ ಎಳೆಯುತ್ತದೆ. ಇನ್ನೊಂದು ತುದಿಯಲ್ಲಿ ಮೆಥಾಕ್ಸಿ, ಅದು ಕೊಡುತ್ತದೆ. ಎರಡು ಎಸ್ಟರ್‌ಗಳೂ ಒಂದೇ ಕಡೆ ಮುಖ ಮಾಡಿವೆ. ಹೀಗೆ ಸಣ್ಣ ಸಣ್ಣ ಡೈಪೋಲ್‌ಗಳು ಸಾಲಾಗಿ ಕೂಡಿ ಒಟ್ಟು 11 ಡಿಬೈ (ಡೈಪೋಲಿನ ಅಳತೆಮಾನ) ಆಸುಪಾಸು ಬರುತ್ತದೆ. ಇನ್ನೂ ಒಂದು ಮೆಥಾಕ್ಸಿ ಪಕ್ಕಕ್ಕೆ ಚಾಚಿಕೊಂಡಿದೆ. ನೋಡಿದರೆ ಸುಮ್ನೆ ಇಟ್ಟ ಹಾಗಿದೆ. ಆದರೆ ಅದೇ ಮುಖ್ಯ. ಪಕ್ಕದ ಅಣು ತಲೆಕೆಳಗಾಗಿ ಅಂಟಿಕೊಳ್ಳದ ಹಾಗೆ ಅದು ಅಡ್ಡಿ ಮಾಡುತ್ತದೆ.

ಜೋರಾದ ಡೈಪೋಲ್ ಒಂದೇ ಇದ್ದರೆ ಸಾಲದು ಅನ್ನೋದಕ್ಕೆ 5ಸಿಬಿಯ ಪಾಠ ಸಾಕು, ಅಲ್ವಾ? ಮಧುಸೂದನ ಅವರೇ 2021ರಲ್ಲಿ ಇದಕ್ಕೊಂದು ಸರಳ ಮಾದರಿ ಕೊಟ್ಟರು. ಅಣುವಿನ ಉದ್ದಕ್ಕೂ ಧನ, ಋಣ ಚಾರ್ಜುಗಳು ಅಲೆಯ ಹಾಗೆ ಒಂದಾದ ಮೇಲೊಂದು ಬಂದರೆ, ಪಕ್ಕದ ಅಣು ಒಂದೇ ದಿಕ್ಕಿಗೆ ಮುಖ ಮಾಡಿ ಸ್ವಲ್ಪ ಜಾರಿ ಕೂರುವುದೇ ಲಾಭ. ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಸರಿಹೋಗುತ್ತದೆ. ನಾನು ಹೊಸ ಅಣು ಬರೆದಾಗ ಮೊದಲು ನೋಡುವುದು ಬೀಟಾ ಅಲ್ಲ, ಈ ಚಾರ್ಜಿನ ಅಲೆ.

ಬರೆಯುವಾಗ ನೆನಪಿಡಬೇಕಾದ ಕೆಲವು ವಿಷಯ. ಡೈಪೋಲ್ ಸುಮಾರು 9 ಡಿಬೈಗಿಂತ ಜಾಸ್ತಿ ಇರಲಿ, ಮತ್ತು ಅಣುವಿನ ಉದ್ದದ ಅಕ್ಷಕ್ಕೆ ಹತ್ತಿರವೇ ಇರಲಿ. ಬಾಲದ ಇಂಗಾಲದ ಸರಪಳಿಯನ್ನು ಗಿಡ್ಡ ಇಡಿ. ಕರಗುವ ಉಷ್ಣತೆ ಇಳಿಸಲು ಉದ್ದ ಬಾಲ ಹಾಕುವುದು ಹಳೆಯ ಅಭ್ಯಾಸ, ಆದರೆ ಬಾಲ ಉದ್ದವಾದಷ್ಟೂ ಫೆರೋಎಲೆಕ್ಟ್ರಿಕ್ ಹಂತ ಕೆಳಕ್ಕೆ ಜಾರಿ ಕೊನೆಗೆ ಮಾಯವಾಗುತ್ತದೆ. ಡೈಪೋಲ್ ಏರಿಸಲು ಫ್ಲೋರಿನ್ ಒಳ್ಳೆಯದು. ಅಣು ದಪ್ಪವಾಗುವುದಿಲ್ಲ, ಬಣ್ಣವೂ ಬರುವುದಿಲ್ಲ.

ಬಣ್ಣ ಮತ್ತು ಬಲದ ಜಗಳ

ಬೀಟಾ ಮೂರು ಸಂಗತಿ ನೋಡಿಕೊಂಡು ಏರುತ್ತದೆ. ಬೆಳಕು ಬಿದ್ದಾಗ ಡೈಪೋಲ್ ಎಷ್ಟು ಬದಲಾಗುತ್ತದೆ, ಅಣು ಬೆಳಕನ್ನು ಎಷ್ಟು ಗಟ್ಟಿಯಾಗಿ ಹೀರುತ್ತದೆ, ಹೀರುವ ತರಂಗದೂರ ನಿಮ್ಮ ತರಂಗದೂರಕ್ಕೆ ಎಷ್ಟು ಹತ್ತಿರ. ಉಂಗುರಗಳನ್ನು ಜೋಡಿಸುತ್ತಾ ಹೋದರೆ ಮೂರೂ ಏರುತ್ತವೆ. ಜೊತೆಗೆ ಅಣುವಿನ ಬಣ್ಣವೂ ಹಳದಿ, ಕಿತ್ತಳೆ, ಕೆಂಪು ಅಂತ ಸರಿಯುತ್ತದೆ.

ತೊಂದರೆ ಏನೆಂದರೆ, ನಿಮಗೆ ಬೇಕಾದ್ದು 532ರ ಹಸಿರು. ಡಿಸ್ಪರ್ಸ್ ರೆಡ್ 1 ಅನ್ನುವ ಕೆಂಪು ಬಣ್ಣ ಬೀಟಾ ವಿಷಯದಲ್ಲಿ ಗಟ್ಟಿಗ. ಆದರೆ ಅದು ಗಟ್ಟಿಯಾಗಿ ಹೀರುವುದು 480-500 ನ್ಯಾನೋಮೀಟರ್ ಆಸುಪಾಸಿನಲ್ಲಿ, ಆ ಹೀರುವಿಕೆಯ ಅಂಚು 532 ದಾಟಿ ಹೋಗುತ್ತದೆ. ತಾನೇ ಹುಟ್ಟಿಸಿದ ಹಸಿರನ್ನು ತಾನೇ ನುಂಗುತ್ತದೆ. ನುಂಗಿದ್ದು ಬಿಸಿಯಾಗುತ್ತದೆ, ಬಿಸಿ ಸಾಲನ್ನು ಕೆಡಿಸುತ್ತದೆ. 1550ರಿಂದ 775ಕ್ಕೆ ಬರುವುದಾದರೆ ಅದೇ ಅಣು ಆಗಬಹುದು. ಹಾಳೆ ಬರೆದಿಡಿ ಅಂದಿದ್ದು ಇದಕ್ಕೇ.

ಅಜೋ ಕೊಂಡಿ (ಎರಡು ನೈಟ್ರೋಜನ್‌ಗಳ ಜೋಡಿ) ಇರುವ ಬಣ್ಣಗಳಲ್ಲಿ ಇನ್ನೊಂದು ಕಾಟ ಇದೆ. ಬೆಳಕು ಬಿದ್ದರೆ ನೆಟ್ಟಗಿನ ಅಣು ಮುರಿದ ಕಡ್ಡಿಯಂತೆ ಬಾಗುತ್ತದೆ. ಎರಡನೇ ದರ್ಜೆಗೆ ಇದು ಶತ್ರು. ಮೂರನೇ ದರ್ಜೆಗೆ ಇದೇ ಸ್ನೇಹಿತ.

ಕಂಪ್ಯೂಟರಿನ ಅಂಕಿಗಳ ಬಗ್ಗೆ ಎರಡು ಎಚ್ಚರಿಕೆ. ಉದ್ದದ ಅಣುಗಳಿಗೆ ಬಿ3ಎಲ್‌ವೈಪಿ ಥರದ ಹಳೆಯ ವಿಧಾನಗಳು ಬೀಟಾವನ್ನು ಉಬ್ಬಿಸಿ ಹೇಳುತ್ತವೆ. ಕ್ಯಾಮ್-ಬಿ3ಎಲ್‌ವೈಪಿಯಂತಹದ್ದು ಬಳಸಿ. ಜೊತೆಗೆ ಬೀಟಾ ಬರೆಯುವ ಪದ್ಧತಿಗಳು ಬೇರೆ ಬೇರೆ ಇವೆ, ಒಂದೇ ಅಣುವಿನ ಬೆಲೆ 2 ಅಥವಾ 6 ಪಟ್ಟು ವ್ಯತ್ಯಾಸ ಕಾಣಬಹುದು. ಬೇರೆಯವರ ಅಂಕಿಗೆ ಹೋಲಿಸುವ ಮುಂಚೆ ಅವರ ಪದ್ಧತಿ ಯಾವುದು ನೋಡಿ.

ಒಂದೇ ಅಣುವಿನಿಂದ ಆಗುವುದಿಲ್ಲ

ಆರ್‌ಎಂ734 ಕರಗುವುದು ಸುಮಾರು 140 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಫೆರೋಎಲೆಕ್ಟ್ರಿಕ್ ಹಂತ ಬರುವುದು ತಣ್ಣಗಾಗುತ್ತಾ 133 ಡಿಗ್ರಿಗೆ ಇಳಿದಾಗ. ಅಂದರೆ ಹರಳುಗಟ್ಟುವ ಮುಂಚಿನ ಆ ಸಂದಿಯಲ್ಲಿ ಕೆಲಸ ಮುಗಿಸಬೇಕು. ಇಂತಹದ್ದನ್ನು ಉಪಕರಣದಲ್ಲಿ ಇಡೋಕಾಗಲ್ಲ.

ಪರಿಹಾರ ಹಳೆಯದೇ, ಮಿಶ್ರಣ. ಡಿಸ್‌ಪ್ಲೇ ಜನ ಬಳಸುವ ಇ7 ನಾಲ್ಕು ಅಣುಗಳ ಮಿಶ್ರಣ. ಅದರಲ್ಲಿ ಅರ್ಧದಷ್ಟು 5ಸಿಬಿ. 5ಸಿಬಿ ಒಂದೇ ಇದ್ದರೆ ನೆಮ್ಯಾಟಿಕ್ ಇರುವುದು ಸುಮಾರು 24ರಿಂದ 35 ಡಿಗ್ರಿ ತನಕ. ಇ7 ಸೊನ್ನೆಗಿಂತ ಕೆಳಗಿನಿಂದ 58-60 ಡಿಗ್ರಿ ತನಕ ನೆಮ್ಯಾಟಿಕ್ ಆಗಿಯೇ ಇರುತ್ತದೆ. ಫೆರೋಎಲೆಕ್ಟ್ರಿಕ್ ಅಣುಗಳಲ್ಲೂ ಇದು ನಡೆಯುತ್ತದೆ. ಆಕಾರದಲ್ಲಿ ಹೋಲಿಕೆ ಕಡಿಮೆ ಇದ್ದರೂ ಆರ್‌ಎಂ734 ಮತ್ತು ಡಿಐಒ ಯಾವ ಪ್ರಮಾಣದಲ್ಲಿ ಬೆರೆಸಿದರೂ ಧ್ರುವೀಯ ಹಂತ ಉಳಿಯುತ್ತದೆ.

ಮಿಶ್ರಣದ ದೊಡ್ಡ ಲಾಭ ಕೆಲಸ ಹಂಚುವುದು. ಸಾಲು ಹಿಡಿಸುವುದು ಆತಿಥೇಯ ಅಣುಗಳ ಕೆಲಸ. ಬೀಟಾ ಕೊಡುವುದು ಅತಿಥಿ ಬಣ್ಣದ ಕೆಲಸ. ಅತಿಥಿಯನ್ನು 1, 2, 5, 10 ಶೇಕಡಾ ಹೀಗೆ ಏರಿಸುತ್ತಾ ಪ್ರತಿ ಸಲ ಹಂತದ ಉಷ್ಣತೆ ಅಳೆಯಿರಿ. ಕುಸಿತ ಇದ್ದಕ್ಕಿದ್ದಂತೆ ಜೋರಾದರೆ ಅಲ್ಲಿಗೆ ನಿಲ್ಲಿಸಿ. ಆ ಮಾದರಿಯನ್ನು ಒಂದು ವಾರ ಇಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿ. ಸೂಜಿಯಂತಹ ಸಣ್ಣ ಹರಳು ಕಂಡರೆ ಬಣ್ಣ ಪೂರ್ತಿ ಕರಗಿಲ್ಲ ಅಂತ ಅರ್ಥ.

ದಪ್ಪ ಎಷ್ಟಿರಬೇಕು?

1064ಕ್ಕೆ ವಕ್ರೀಭವನ ಸೂಚ್ಯಂಕ ಒಂದು, 532ಕ್ಕೆ ಇನ್ನೊಂದು. ಆದ್ದರಿಂದ ಹೊಸದಾಗಿ ಹುಟ್ಟಿದ ಹಸಿರು ಅಲೆ, ಮೊದಲೇ ಹುಟ್ಟಿದ ಹಸಿರು ಅಲೆಯೊಂದಿಗೆ ಹೆಜ್ಜೆ ತಪ್ಪುತ್ತದೆ. ಎಷ್ಟು ದೂರಕ್ಕೆ ಪೂರ್ತಿ ತಪ್ಪುತ್ತದೆ ಅನ್ನೋದನ್ನು ಹೀಗೆ ಲೆಕ್ಕ ಹಾಕಿ: ಒಳಗೆ ಹೋಗುವ ತರಂಗದೂರವನ್ನು ಸೂಚ್ಯಂಕಗಳ ವ್ಯತ್ಯಾಸದ ನಾಲ್ಕು ಪಟ್ಟಿನಿಂದ ಭಾಗಿಸಿ. ವ್ಯತ್ಯಾಸ 0.08 ಇದ್ದರೆ 1.064 ಮೈಕ್ರಾನನ್ನು 0.32ರಿಂದ ಭಾಗಿಸಬೇಕು. ಉತ್ತರ ಸುಮಾರು 3.3 ಮೈಕ್ರಾನ್. ಅಲ್ಲಿಯ ತನಕ ಹಸಿರು ಏರುತ್ತದೆ, ಆಮೇಲೆ ಇಳಿಯುತ್ತದೆ, 6.6 ಮೈಕ್ರಾನಿಗೆ ಸೊನ್ನೆ.

ಅಂದರೆ ವಸ್ತು ಚೆನ್ನಾಗಿದ್ದೂ, ಸಾಲು ಚೆನ್ನಾಗಿದ್ದೂ, ಗಾಜಿನ ನಡುವೆ 6.6 ಮೈಕ್ರಾನ್ ಸಂದಿ ಇಟ್ಟರೆ ಏನೂ ಕಾಣುವುದಿಲ್ಲ! ಮೊದಲ ಪ್ರಯೋಗಕ್ಕೆ ಒಂದೇ ದಪ್ಪ ನಂಬಬೇಡಿ. ಒಂದು ಕಡೆ ತೆಳು, ಇನ್ನೊಂದು ಕಡೆ ದಪ್ಪ ಇರುವ ಬೆಣೆಯಾಕಾರದ ಸೆಲ್ ಮಾಡಿ ಲೇಸರನ್ನು ಅಡ್ಡಕ್ಕೆ ಸರಿಸಿ. ಬೆಳಕು, ಕತ್ತಲೆ, ಬೆಳಕು ಅಂತ ಪಟ್ಟೆಗಳು ಬಂದರೆ ಪಟ್ಟೆಯ ಅಂತರದಿಂದಲೇ ಈ ಉದ್ದ ಸಿಗುತ್ತದೆ.

ಗಟ್ಟಿ ಹರಳುಗಳಲ್ಲಿ ಹೆಜ್ಜೆ ಸರಿ ಮಾಡಲು ಎರಡು ಧ್ರುವೀಕರಣಗಳ ಸೂಚ್ಯಂಕದ ವ್ಯತ್ಯಾಸ ಬಳಸುತ್ತಾರೆ. ಲಿಕ್ವಿಡ್ ಕ್ರಿಸ್ಟಲ್‌ನಲ್ಲಿ ಆ ವ್ಯತ್ಯಾಸ 0.2ರಷ್ಟಿದ್ದು ಬೇಕಾದ್ದಕ್ಕಿಂತ ಜಾಸ್ತಿಯೇ ಇದೆ. ಆದರೆ ಫೆರೋಎಲೆಕ್ಟ್ರಿಕ್ ನೆಮ್ಯಾಟಿಕ್‌ನ ನಿಜವಾದ ಬಲ ಇರುವುದು ಎಲ್ಲಾ ಬೆಳಕೂ ಅಣುವಿನ ಉದ್ದಕ್ಕೇ ಕಂಪಿಸಿದಾಗ. ಆಗ ಈ ಉಪಾಯ ಕೆಲಸಕ್ಕೆ ಬರುವುದಿಲ್ಲ. ಅದರ ಬದಲು ಪ್ರತಿ 3.3 ಮೈಕ್ರಾನಿಗೆ ಧ್ರುವದ ದಿಕ್ಕನ್ನು ತಿರುಗಿಸುವ ಪಟ್ಟಿಗಳನ್ನು ಮಾಡಬೇಕು, ಇಲ್ಲವೇ ಸ್ವಲ್ಪ ಕೈರಲ್ ಅಣು ಸೇರಿಸಿ ತಾನಾಗಿಯೇ ತಿರುಚಿಕೊಳ್ಳುವ ಹಾಗೆ ಬಿಡಬೇಕು.

ಸೆಲ್ ಕಟ್ಟುವುದು

ಗಾಜಿಗೆ ಪಾಲಿಇಮೈಡ್ ಬಳಿದು ಬಟ್ಟೆಯಿಂದ ಒಂದೇ ದಿಕ್ಕಿಗೆ ಉಜ್ಜುತ್ತಾರೆ, ಅಣುಗಳು ಆ ಗೆರೆ ಹಿಡಿಯುತ್ತವೆ. ಇದು ಎಲ್ಲರಿಗೂ ಗೊತ್ತು. ಗೊತ್ತಿರದೆ ಸಿಕ್ಕಿಹಾಕಿಕೊಳ್ಳುವ ಜಾಗ ಬೇರೆ ಇದೆ. ಸಿದ್ಧ ಸೆಲ್‌ಗಳಲ್ಲಿ ಸಾಮಾನ್ಯವಾಗಿ ಎರಡು ಗಾಜನ್ನು ಎದುರುಬದುರು ದಿಕ್ಕಿಗೆ ಉಜ್ಜಿರುತ್ತಾರೆ. ಮಾಮೂಲಿ ನೆಮ್ಯಾಟಿಕ್‌ಗೆ ಅದು ಸರಿ, ಅದಕ್ಕೆ ತಲೆ-ಬಾಲ ಗೊತ್ತಿಲ್ಲ. ಫೆರೋಎಲೆಕ್ಟ್ರಿಕ್ ನೆಮ್ಯಾಟಿಕ್‌ಗೆ ಗೊತ್ತು. ಉಜ್ಜಿದ ದಿಕ್ಕು ಅದಕ್ಕೆ ಬಾಣದ ಗುರುತಿನ ಹಾಗೆ. ಮೇಲಿನ ಬಾಣ ಆ ಕಡೆ, ಕೆಳಗಿನ ಬಾಣ ಈ ಕಡೆ ಇದ್ದರೆ ನಡುವಿನ ಅಣುಗಳು 180 ಡಿಗ್ರಿ ತಿರುಚಿಕೊಳ್ಳುತ್ತವೆ. ಪೋಲರೈಸರ್‌ಗಳ ನಡುವೆ ಇಟ್ಟು ತಿರುಗಿಸಿದರೆ ಎಲ್ಲೂ ಪೂರ್ತಿ ಕತ್ತಲಾಗುವುದಿಲ್ಲ. ಒಂದೇ ಸಮನೆ ಸಾಲು ಬೇಕಾದರೆ ಎರಡೂ ಬಾಣ ಒಂದೇ ಕಡೆ ಇರುವ ಸೆಲ್ ಬೇಕು. ಆಗ ತಿರುಗಿಸುತ್ತಾ ಹೋದರೆ ಪ್ರತಿ 90 ಡಿಗ್ರಿಗೊಮ್ಮೆ ಕಪ್ಪಾಗುತ್ತದೆ.

ತುಂಬುವಾಗ ಮಾದರಿಯನ್ನು ಪೂರ್ತಿ ದ್ರವವಾಗುವಷ್ಟು ಬಿಸಿ ಮಾಡಿ, ಅಂಚಿನಿಂದ ತಾನಾಗಿ ಒಳಗೆ ಸರಿಯಲು ಬಿಡಿ. ಆಮೇಲೆ ನಿಮಿಷಕ್ಕೆ ಒಂದು ಡಿಗ್ರಿಗಿಂತ ನಿಧಾನವಾಗಿ ಇಳಿಸಿ. ಅವಸರ ಮಾಡಿದರೆ ತುಂಡು ತುಂಡು ಡೊಮೇನ್‌ಗಳು ಬರುತ್ತವೆ, ಗಡಿಗಳಲ್ಲಿ ಬೆಳಕು ಚದುರುತ್ತದೆ.

ಮೂರನೇ ದರ್ಜೆ ಬೇಕಾದವರಿಗೆ

ಇಲ್ಲಿ ತಲೆ-ಬಾಲದ ಷರತ್ತಿಲ್ಲ, 5ಸಿಬಿ ಅಥವಾ ಇ7 ಸಾಕು. ಬೆಳಕಿನ ಕ್ಷೇತ್ರ ಅಣುಗಳನ್ನೇ ತಿರುಗಿಸುತ್ತದೆ. ಅಣು ತಿರುಗಿದರೆ ಸೂಚ್ಯಂಕ ಬದಲಾಗುತ್ತದೆ. ಈ ಪರಿಣಾಮ ಕಾರ್ಬನ್ ಡೈಸಲ್ಫೈಡ್‌ನಂತಹ ದ್ರವದಲ್ಲಿ ಸಿಗುವುದಕ್ಕಿಂತ ಹತ್ತಾರು ಲಕ್ಷ ಪಟ್ಟಿಗೂ ಮೀರಿದ್ದು. 1990ರಲ್ಲಿ ಇಸ್ತ್ವಾನ್ ಯಾನೋಶಿ ಇದಕ್ಕೆ ಇನ್ನೊಂದು ಕೀಲಿ ಕಂಡುಕೊಂಡರು. ಸ್ವಲ್ಪವೇ ಆಂಥ್ರಾಕ್ವಿನೋನ್ ಬಣ್ಣ ಬೆರೆಸಿದರೆ ಅಣು ತಿರುಗಿಸಲು ಬೇಕಾದ ಬೆಳಕು ಸುಮಾರು ನೂರು ಪಟ್ಟು ಇಳಿಯುತ್ತದೆ.

ಬೆಲೆ ಕೊಡಬೇಕಾದ್ದು ವೇಗದಲ್ಲಿ. ತಿರುಗಿದ ಅಣು ವಾಪಸ್ ಬರುವ ಸಮಯ ದಪ್ಪದ ವರ್ಗಕ್ಕೆ ತಕ್ಕ ಹಾಗೆ ಏರುತ್ತದೆ. 5ಸಿಬಿಯ ಮಾಮೂಲಿ ಜಿಗುಟುತನ ಮತ್ತು ಸ್ಥಿತಿಸ್ಥಾಪಕತೆ ಹಾಕಿ ಲೆಕ್ಕ ಮಾಡಿದರೆ 10 ಮೈಕ್ರಾನಿಗೆ ಸುಮಾರು 0.13 ಸೆಕೆಂಡ್. 5 ಮೈಕ್ರಾನಿಗೆ ಅದರ ಕಾಲು ಭಾಗ, 0.03ರ ಆಸುಪಾಸು. ಹೋಲೋಗ್ರಾಂಗೆ ಇದು ಸರಿ. ಲೇಸರ್ ಪಲ್ಸಿನಿಂದ ಕಣ್ಣು ಕಾಪಾಡೋಕೆ ಆಗುವುದಿಲ್ಲ. ಅದಕ್ಕೆ ಎಲೆಕ್ಟ್ರಾನ್ ಮಟ್ಟದ ಪರಿಣಾಮ, ಅಂದರೆ ಎರಡು ಫೋಟಾನ್ ಒಟ್ಟಿಗೆ ಹೀರುವ ಅಣುಗಳು ಬೇಕು.

ಅಳೆಯುವಾಗ ಮೋಸ ಹೋಗದಿರಲು

ಮೊದಲು ಕನ್ನಡಕ. 1064 ಕಾಣುವುದಿಲ್ಲ, ಕಣ್ಣು ರೆಪ್ಪೆ ಮುಚ್ಚಿ ತಪ್ಪಿಸಿಕೊಳ್ಳುವುದೂ ಇಲ್ಲ.

ಹಸಿರು ಕಂಡ ತಕ್ಷಣ ಖುಷಿಪಡಬೇಡಿ. ಎರಡು ಫೋಟಾನ್ ಹೀರಿ ಹೊಳೆಯುವ ಬಣ್ಣವೂ ಹಸಿರಾಗಿ ಕಾಣಬಹುದು. ಲೇಸರ್ ಎರಡು ಪಟ್ಟು ಮಾಡಿದರೆ ಬೆಳಕು ನಾಲ್ಕು ಪಟ್ಟು ಆಗುವುದು ಎರಡರಲ್ಲೂ ಒಂದೇ, ಆದ್ದರಿಂದ ಆ ಪರೀಕ್ಷೆಯೊಂದೇ ಸಾಲದು. ಸ್ಪೆಕ್ಟ್ರೋಮೀಟರಿನಲ್ಲಿ ನೋಡಿ. ನಿಜವಾದದ್ದು 532ರಲ್ಲಿ ಸೂಜಿಯಂತೆ ನಿಲ್ಲುತ್ತದೆ, ಹೊಳಪು ಗುಡ್ಡದಂತೆ ಅಗಲವಾಗಿ ಹರಡುತ್ತದೆ. ಆಮೇಲೆ ಬಿಸಿ ಮಾಡಿ. ಮಾಮೂಲಿ ನೆಮ್ಯಾಟಿಕ್ ಹಂತಕ್ಕೆ ಏರುತ್ತಿದ್ದಂತೆ ಸೂಜಿ ಮಾಯವಾಗಬೇಕು, ತಣ್ಣಗಾದಾಗ ವಾಪಸ್ ಬರಬೇಕು.

ಅಂಕಿ ಬೇಕಾದರೆ ಪಕ್ಕದಲ್ಲಿ ಕ್ವಾರ್ಟ್ಜ್ ತುಂಡು ಇಟ್ಟು ಹೋಲಿಸಿ. ಅದರ ಎರಡನೇ ದರ್ಜೆಯ ಗುಣಾಂಕ ವೋಲ್ಟಿಗೆ 0.3 ಪಿಕೋಮೀಟರ್. ಲಿಥಿಯಂ ನಿಯೋಬೇಟ್ ಹರಳಿನ ಅತಿ ದೊಡ್ಡ ಗುಣಾಂಕ 25ರ ಆಸುಪಾಸು. ಬಣ್ಣ ಬೆರೆಸದ ಫೆರೋಎಲೆಕ್ಟ್ರಿಕ್ ನೆಮ್ಯಾಟಿಕ್‌ಗಳಲ್ಲಿ ಕೆಲವು ಪಿಕೋಮೀಟರ್ ಬಂದರೆ ಒಳ್ಳೆಯ ಫಲಿತಾಂಶವೇ. 200 ಅಂತ ಬಂದರೆ ಮೊದಲು ನಿಮ್ಮ ದಪ್ಪದ ಅಳತೆಯನ್ನು, ಆಮೇಲೆ ಫಿಲ್ಟರುಗಳನ್ನು ಅನುಮಾನಿಸಿ.

ಅಳತೆ ಮುಗಿದ ಮೇಲೆ ಲೇಸರ್ ಬಿದ್ದ ಜಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ನಿಧಾನವಾಗಿ ಬಿಸಿ ಮಾಡಿ. ಆ ಜಾಗ ಸುತ್ತಲಿನ ಜಾಗಕ್ಕಿಂತ ಎರಡು ಮೂರು ಡಿಗ್ರಿ ಮುಂಚೆಯೇ ದ್ರವವಾದರೆ ಅಲ್ಲಿನ ಅಣುಗಳು ಬೆಳಕಿಗೆ ಒಡೆದಿವೆ. ಬರೆದುಕೊಂಡ ಅಂಕಿಗಳಲ್ಲಿ ಕೊನೆಯ ಒಂದಷ್ಟನ್ನು ಬಿಟ್ಟು, ಹೊಸ ಜಾಗದಲ್ಲಿ ಕಡಿಮೆ ಬೆಳಕಿಗೆ ಮತ್ತೆ ಅಳೆಯಿರಿ.